ಘಾಟಿ ದಾರಿಯಲ್ಲಿ ಗಾಡಿಯ ಪಾಠ

ನೆಲಮಂಗಲದಿಂದ ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆ ತಲುಪಿ, ಅಲ್ಲಿಂದ ಬಲಕ್ಕೆ ಹೊರಳಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಯವರೆಗೆ ಸುಮಾರು 80 ಕಿಲೋಮೀಟರ್ ದಾರಿ. ಬೆಂಗಳೂರನ್ನು ಮುಟ್ಟದೆ, ದೂರದಿಂದಲೇ ಅದಕ್ಕೆ ಅರ್ಧ ಪ್ರದಕ್ಷಿಣೆ ಹಾಕುವ ರಸ್ತೆ ಇದು. 1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ಹುಟ್ಟಿದ ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರದ ಕಡೆಯ ತಾಲ್ಲೂಕುಗಳು ಬೇರೆಯಾದವು. ಉಳಿದ ನಾಲ್ಕು ತಾಲ್ಲೂಕುಗಳನ್ನು ಈ ಒಂದೇ ದಾರಿ ದಾರದಂತೆ ಪೋಣಿಸಿದೆ.

ಈ ರಸ್ತೆಯ ಪಕ್ಕದಲ್ಲಿ ಅರ್ಧ ಗಂಟೆ ನಿಂತು ನೋಡಿ. ಒಂದನ್ನೊಂದು ಎಳೆದುಕೊಂಡು ಹೋಗುವ ವಾಹನಗಳ ಮೆರವಣಿಗೆಯೇ ಕಾಣುತ್ತದೆ. ಮನೆಯಷ್ಟು ಉದ್ದದ ಕಂಟೇನರ್ ಲಾರಿಗಳು, ರಾಗಿ ಹುಲ್ಲನ್ನು ಬೆಟ್ಟದಂತೆ ಒಟ್ಟಿಕೊಂಡ ಟ್ರಾಕ್ಟರುಗಳು, ಕೆಟ್ಟು ನಿಂತ ಲಗೇಜ್ ಆಟೊವನ್ನು ಹಗ್ಗ ಕಟ್ಟಿ ಎಳೆಯುವ ಇನ್ನೊಂದು ಆಟೊ, ಎಲ್ಲೋ ಅಪರೂಪಕ್ಕೆ ಒಂದು ಟೈರ್ ಗಾಡಿ. ಇಷ್ಟು ವರ್ಷ ಇವನ್ನೆಲ್ಲ ನೋಡಿಯೂ ನೋಡದವನಂತೆ ಓಡಾಡುತ್ತಿದ್ದ ನನಗೆ, ಕಳೆದ ಚಳಿಗಾಲದಲ್ಲಿ ಒಂದು ದಿನ ಇದೇ ದಾರಿ ಪಾಠಶಾಲೆಯಾಯಿತು. ಕಾರಣ, ನನ್ನ ತಂಗಿಯ ಮಗ ಕೇಳಿದ ಒಂದು ಪ್ರಶ್ನೆ.

ಅವನಿರುವುದು ಅಮೆರಿಕದ ಡೆನ್ವರ್ ಬಳಿ. ರಜೆಗೆ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಬಂದಿದ್ದ. ಬೇಸಿಗೆಯಲ್ಲಿ ಪರ್ವತಗಳ ಆಚೆಗೆ ಒಂದು ತಿಂಗಳ ಪ್ರವಾಸ ಹೊರಡುವ ಉತ್ಸಾಹ ಅವನಿಗೆ. ಅಲ್ಲಿ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪದ್ಧತಿಯಿದೆ. ಮಂಚ, ಅಡುಗೆ ಒಲೆ, ಫ್ರಿಜ್, ಸ್ನಾನದ ಕೋಣೆ ಎಲ್ಲವೂ ಇರುವ, ಎಂಟು ಮೀಟರ್ ಉದ್ದದ ಟ್ರೈಲರ್. ಅವನ ಬಳಿ ಒಂದು ಎಸ್‌ಯುವಿ ಇದೆ. “ಮಾಮ, ನನ್ನ ಗಾಡಿಯ ಎಂಜಿನ್ 280 ಅಶ್ವಶಕ್ತಿಯದು. ಎಳೆಯುತ್ತೆ ಅಂತ ಮಾರುವವನು ಹೇಳಿದ. ಆದರೂ ಇವಳಿಗೆ ಭಯ. ನೀವೇನಂತೀರಿ?” ಎಂದು ನನ್ನನ್ನು ಕೇಳಿದ. ನಾನು ಏನನ್ನಲಿ? ಮೋಟಾರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಪಂಕ್ಚರ್ ಅಂಗಡಿ ದಾಟಿದ್ದಲ್ಲ. ಮಾರನೆಯ ದಿನ ಹೊಸಕೋಟೆಯಲ್ಲಿರುವ ಅವನ ಅತ್ತೆಮನೆಗೆ ಹೊರಟಿದ್ದೆವು. ನಡುವೆ ಘಾಟಿ ರಸ್ತೆಯಲ್ಲಿರುವ ನಮ್ಮ ದೊಡ್ಡಪ್ಪನ ಊರು. “ದಾರಿಯಲ್ಲಿ ಕೇಳುತ್ತಾ ಹೋಗೋಣ ನಡಿ” ಎಂದೆ.

ಕಂಟೇನರ್ ಹೇಳಿದ್ದು

ಮೊದಲ ಪಾಠ ನೆಲಮಂಗಲ ದಾಟುವ ಮೊದಲೇ ಸಿಕ್ಕಿತು. ಅಲ್ಲಿ ಗೋದಾಮುಗಳು ಹೆಚ್ಚು, ಹಾಗಾಗಿ ಕಂಟೇನರ್ ಲಾರಿಗಳೂ ಹೆಚ್ಚು. ಚಹಾ ಕುಡಿಯಲು ನಿಂತಾಗ, ಪಕ್ಕದಲ್ಲಿದ್ದ ನಲವತ್ತು ಅಡಿ ಕಂಟೇನರ್ ತೋರಿಸಿ ನಮ್ಮ ಹುಡುಗ, “ಇದಕ್ಕೆ ಹೋಲಿಸಿದರೆ ನನ್ನದು ಚಿಕ್ಕದು” ಎಂದ. ಲಾರಿಯ ಚಾಲಕರು ನಗುತ್ತ ಬಗ್ಗಿ ನೋಡಲು ಹೇಳಿದರು.

ಬಗ್ಗಿ ನೋಡಿದರೆ ವಿಷಯ ತಿಳಿಯಿತು. ಕಂಟೇನರಿನ ಮುಂಭಾಗ ಎಂಜಿನ್ ಗಾಡಿಯ ಬೆನ್ನಿಗೆ ಕೊಂಡಿ ಹಾಕಿಕೊಂಡು ನೇತಾಡುತ್ತಿಲ್ಲ, ಅದರ ಬೆನ್ನೇರಿ ಕುಳಿತಿದೆ. ಕೂತ ಜಾಗವೂ ಎಲ್ಲೋ ಹಿಂದಲ್ಲ, ಹೆಚ್ಚುಕಡಿಮೆ ಹಿಂಚಕ್ರಗಳ ನೆತ್ತಿಯ ಮೇಲೆ. ಹಾಗಾಗಿ ಭಾರ ನೇರ ಚಕ್ರಕ್ಕೆ ಇಳಿಯುತ್ತದೆ. ಕಂಟೇನರ್ ಅತ್ತಿತ್ತ ನೂಕಿದರೂ ಮುಂದಿನ ಗಾಡಿಯ ಮೂತಿ ಸುಲಭಕ್ಕೆ ತಿರುಗುವುದಿಲ್ಲ.

ಎಸ್‌ಯುವಿಯಲ್ಲಿ ಹಾಗಲ್ಲ. ಕೊಂಡಿ ಇರುವುದು ಹಿಂಚಕ್ರದಿಂದ ಒಂದು ಮೀಟರಿಗೂ ಹೆಚ್ಚು ಹಿಂದೆ, ಬಂಪರಿನ ಕೆಳಗೆ. ಬಾಗಿಲ ಹಿಡಿಕೆ ತಿರುಗಣಿಯಿಂದ ದೂರವಿದ್ದಷ್ಟೂ ಬಾಗಿಲನ್ನು ತಳ್ಳುವುದು ಸುಲಭ, ಅಲ್ಲವೆ? ಅದೇ ಸನ್ನೆಗೋಲಿನ ಲೆಕ್ಕ ಇಲ್ಲಿ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಹಿಂದಿನ ಟ್ರೈಲರ್ ಗಾಳಿಗೋ ಉಬ್ಬುತಗ್ಗಿಗೋ ಪಕ್ಕಕ್ಕೆ ಸರಿದರೆ ಕಾರಿನ ಬಾಲವನ್ನು ಹಿಡಿದು ತಿರುಚಿದಂತಾಗುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆಯಿರುವ ಗಾಡಿಯಾದರೆ ಇನ್ನೂ ಕಷ್ಟ. ಅಮೆರಿಕದಲ್ಲಿ ತೀರ ದೊಡ್ಡ ಮನೆಗಾಡಿಗಳನ್ನು ಪಿಕಪ್ ಟ್ರಕ್ಕಿನ ಬೆನ್ನಿನ ಮೇಲೆ, ನಮ್ಮ ಕಂಟೇನರಿನ ಹಾಗೆಯೇ ಕೂರಿಸುವುದು ಇದಕ್ಕಾಗಿಯೇ.

ನಲವತ್ತೈದರ ಟ್ರಾಕ್ಟರೂ ಇನ್ನೂರ ಎಂಬತ್ತರ ಕಾರೂ

ದೊಡ್ಡಬಳ್ಳಾಪುರ ಹತ್ತಿರವಾದಂತೆ ಹುಡುಗ ಹೊಸ ವಾದ ತೆಗೆದ. ಮಗ್ಗಗಳ ಊರಿನ ಅಂಚಿನಲ್ಲಿ ಇಟ್ಟಿಗೆ ತುಂಬಿದ ಟ್ರಾಕ್ಟರ್ ನಮ್ಮ ಮುಂದೆ ತೆವಳುತ್ತಿತ್ತು. “ಮಾಮ, ಇದರ ಶಕ್ತಿ ನಲವತ್ತೈದು ಅಶ್ವಶಕ್ತಿ ಇದ್ದೀತು. ಐದು ಟನ್ ಎಳೆಯುತ್ತಿದೆ. ನನ್ನದು ಅದರ ಆರು ಪಟ್ಟು. ಮೂರು ಟನ್ ಎಳೆಯಲಾರದೆ?” ವಿದ್ಯಾರ್ಥಿಗಳು ಇಲ್ಲಿ ಓದು ನಿಲ್ಲಿಸಿ ಒಂದು ನಿಮಿಷ ಯೋಚಿಸಬಹುದು.

ಉತ್ತರ ಕೊಟ್ಟವಳು ಅವನದೇ ಮಗಳು, ಆರನೇ ತರಗತಿಯ ಹುಡುಗಿ. “ಅಪ್ಪ, ಇದು ಎಷ್ಟು ನಿಧಾನವಾಗಿ ಹೋಗ್ತಿದೆ ನೋಡು” ಎಂದಳು. ಗುಟ್ಟು ಇರುವುದೇ ಅಲ್ಲಿ. ಚಲಿಸುವ ವಸ್ತುವಿನಲ್ಲಿ ಅಡಗಿರುವ ಶಕ್ತಿ ತೂಕದೊಂದಿಗೆ ಅಷ್ಟಕ್ಕಷ್ಟೇ ಏರುತ್ತದೆ, ವೇಗದೊಂದಿಗೆ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಕಾರಿನಲ್ಲಿ ಕೂತೇ ಲೆಕ್ಕ ಹಾಕಿದೆವು. ಟ್ರಾಕ್ಟರ್ ಎರಡು ಟನ್, ಹೊರೆ ತುಂಬಿದ ಟ್ರೈಲರ್ ಐದು ಟನ್, ಒಟ್ಟು 7 ಟನ್, ವೇಗ ಗಂಟೆಗೆ 30 ಕಿ.ಮೀ. ಅತ್ತ, ಜನರೊಂದಿಗೆ ಎಸ್‌ಯುವಿ ಎರಡೂವರೆ ಟನ್, ಮನೆಗಾಡಿ 2.9 ಟನ್, ಒಟ್ಟು 5.4 ಟನ್, ವೇಗ 90 ಕಿ.ಮೀ. ತೂಕ ಕಡಿಮೆ, ವೇಗ ಮೂರು ಪಟ್ಟು. ನಿಲ್ಲಿಸುವಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಟ್ರಾಕ್ಟರಿಗಿಂತ ಸುಮಾರು ಏಳು ಪಟ್ಟು! ಎಂಜಿನ್ನಿನ ಅಶ್ವಶಕ್ತಿ ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ. ಎಳೆಯುವುದು ಎಂಜಿನ್ನಿನ ಕೆಲಸ, ನಿಲ್ಲಿಸುವುದು ಬೇರೆಯವರ ಕೆಲಸ.

ಮೂಕಿಯ ಭಾರ

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆ ತಿರುಗಿದರೆ ಬಯಲು ಮುಗಿದು ಗುಡ್ಡಗಳು ಎದ್ದು ನಿಲ್ಲುತ್ತವೆ. ಮಾಕಳಿದುರ್ಗದ ಬಂಡೆಬೆಟ್ಟ, ಅದರ ಬುಡದಲ್ಲಿ ರೈಲು ಹಳಿ. ಪುಷ್ಯ ಮಾಸದ ಜಾತ್ರೆಗೆ ಮುನ್ನ ಘಾಟಿಯಲ್ಲಿ ದನಗಳ ಜಾತ್ರೆ ಸೇರುವುದು ಹೆಸರುವಾಸಿ. ನಮ್ಮ ದೊಡ್ಡಪ್ಪ ಹರೆಯದಲ್ಲಿ ಪ್ರತಿವರ್ಷ ಕಮಾನು ಗಾಡಿ ಕಟ್ಟಿಕೊಂಡು ಆ ಜಾತ್ರೆಗೆ ಹೋಗುತ್ತಿದ್ದವರು. ಗಾಡಿಯ ಮೇಲೆ ಚಾಪೆಯ ಕಮಾನು, ಒಳಗೆ ಹುಲ್ಲಿನ ಹಾಸಿಗೆ, ರಾಗಿ ಹಿಟ್ಟು, ಪಾತ್ರೆ, ಮಕ್ಕಳು. ಮರದ ಕೆಳಗೆ ಗಾಡಿ ಬಿಟ್ಟರೆ ಅದೇ ಒಂದು ವಾರದ ಮನೆ. ಯೋಚಿಸಿದರೆ, ಅಮೆರಿಕದವರ ಮನೆಗಾಡಿ ನಮಗೆ ಹೊಸದೇನಲ್ಲ.

ಎಂಬತ್ತು ದಾಟಿದ ದೊಡ್ಡಪ್ಪ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿದ್ದ ಟ್ರೈಲರಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಎಸ್‌ಯುವಿ ಎಲ್ಲವೂ ‘ಜೀಪು’. ಮೊದಲು ಕೇಳಿದ ಪ್ರಶ್ನೆ ಎಂಜಿನ್ನಿನದಲ್ಲ.

“ಮೂಕಿ ಮೇಲೆ ಎಷ್ಟು ಭಾರ ಬೀಳ್ತದಪ್ಪಾ?”

ನಮ್ಮ ಹುಡುಗನಿಗೆ ಅರ್ಥವಾಗಲಿಲ್ಲ. ದೊಡ್ಡಪ್ಪ ಹಿತ್ತಲಲ್ಲಿದ್ದ ಹಳೇ ಗಾಡಿಯ ಬಳಿಗೆ ಕರೆದೊಯ್ದು ಅದರ ಮುಂದಿನ ತುದಿ ಮುಟ್ಟಿ ತೋರಿಸಿದರು. “ನೊಗ ಕಟ್ಟೋದು ಈ ತುದಿಗೆ. ಮುಂದಕ್ಕೆ ಜಾಸ್ತಿ ಹೇರಿದ್ರೆ ಎತ್ತಿನ ಹೆಗಲು ಹುಣ್ಣಾಗ್ತದೆ. ಹಿಂದಕ್ಕೆ ಜಾಸ್ತಿ ಹೇರಿದ್ರೆ ಮೂಕಿ ಮೇಲಕ್ಕೇಳ್ತದೆ, ಕೊರಳ ಹಗ್ಗ ಬಿಗಿದು ಎತ್ತು ಕಂಗಾಲಾಗ್ತದೆ. ಹೇರಿದ ಮೇಲೆ ಮೂಕಿ ಎತ್ತಿ ನೋಡಬೇಕು. ಕೈಗೆ ಒಂದಿಷ್ಟು ಭಾರ ಸಿಕ್ಕಬೇಕು, ಜಾಸ್ತೀನೂ ಇರಬಾರದು.”

ಆಶ್ಚರ್ಯವೆಂದರೆ ಇಂದಿನ ಎಂಜಿನಿಯರುಗಳು ಹೇಳುವುದೂ ಇದನ್ನೇ. ಮನೆಗಾಡಿಯ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದ ರೂಢಿ. ಅದಕ್ಕಿಂತ ಕಡಿಮೆಯಾದರೆ, ಅಂದರೆ ಸಾಮಾನು ಅಚ್ಚಿನ ಹಿಂದೆ ಹೆಚ್ಚಾದರೆ, ಟ್ರೈಲರ್ ವೇಗದಲ್ಲಿ ಹಾವಿನಂತೆ ಓಲಾಡತೊಡಗುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂಚಕ್ರಗಳು ಹಗುರವಾಗುತ್ತವೆ. ಸ್ಟೀರಿಂಗ್ ಮಾತು ಕೇಳುವುದು ಕಡಿಮೆಯಾಗುತ್ತದೆ.

ಅಲ್ಲೇ ಜಗಲಿಯ ಮೇಲೆ, ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಮುಂದುವರಿಯಿತು. ಅವನ ಗಾಡಿ 2,700 ಕಿಲೋ ಎಳೆಯಬಹುದೆಂದು ಕಂಪನಿ ಹೇಳಿದೆ. ಖಾಲಿ ಮನೆಗಾಡಿ 2,300 ಕಿಲೋ. “ನಾನೂರು ಕಿಲೋ ಮಿಕ್ಕಿದೆಯಲ್ಲ” ಎಂದು ಅವನ ಧೈರ್ಯ. ಆದರೆ ಮನೆಗಾಡಿಯನ್ನು ಖಾಲಿಯಾಗಿ ಯಾರು ಒಯ್ಯುತ್ತಾರೆ? ನೀರಿನ ತೊಟ್ಟಿ 150 ಲೀಟರ್ ಎಂದರೆ 150 ಕಿಲೋ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಹಾಸಿಗೆ, ಸೈಕಲ್ಲು, ಒಂದು ತಿಂಗಳ ದಿನಸಿ ಎಲ್ಲ ಸೇರಿ 2,900. ಮಿತಿ ಆಗಲೇ ದಾಟಿತು.

ಇದಕ್ಕಿಂತ ಮೊದಲು ಮುಗಿಯುವ ಮಿತಿ ಇನ್ನೊಂದಿದೆ, ಅದನ್ನು ಅಂಗಡಿಯವರು ಸಾಮಾನ್ಯವಾಗಿ ಎತ್ತುವುದಿಲ್ಲ. ಅಮೆರಿಕದ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಜನರೂ ಸಾಮಾನೂ ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿರುತ್ತದೆ. ಇವನ ಗಾಡಿಯಲ್ಲಿ ಅದು 600 ಕಿಲೋ. ಕೊಂಡಿಯ ಮೇಲೆ ಬೀಳುವ ಭಾರವೂ ಇದರಲ್ಲೇ ಸೇರಬೇಕು. 2,900ಕ್ಕೆ ನೂರಕ್ಕೆ 12ರಂತೆ ಸುಮಾರು 350. ನಾಲ್ಕು ಜನ 250. ಅಲ್ಲಿಗೇ 600 ಮುಗಿಯಿತು. ಕಾರಿನೊಳಗಿನ ಪೆಟ್ಟಿಗೆಗಳು, ಕೊಂಡಿಯ ಕಬ್ಬಿಣ ಸೇರಿ ಇನ್ನೊಂದು 120 ಕಿಲೋ ಹೊರಗೇ ಉಳಿಯಿತು. ಭಾರವನ್ನು ಮುಂಚಕ್ರಗಳಿಗೂ ಹಂಚುವ ಸ್ಪ್ರಿಂಗ್ ಸರಳುಗಳ ಕೊಂಡಿ ಸಿಗುತ್ತದೆ, ನಿಜ. ಅದು ಭಾರವನ್ನು ಹಂಚುತ್ತದೆಯೇ ಹೊರತು ಗಾಡಿ ಹೊರಬಲ್ಲ ತೂಕವನ್ನು ಹೆಚ್ಚಿಸುವುದಿಲ್ಲ.

ಹುಡುಗ ಪೆನ್ಸಿಲ್ ಕೆಳಗಿಟ್ಟ. ಅವನ ಹೆಂಡತಿ ಏನೂ ಹೇಳಲಿಲ್ಲ, ಮಗನ ತಲೆ ಸವರಿದಳು.

ವಿಮಾನ ಎಳೆಯುವ ಗಾಡಿ

ಹೊಸಕೋಟೆಗೆ ತಾನೂ ಬರುತ್ತೇನೆಂದು ದೊಡ್ಡಪ್ಪ ಕಾರು ಹತ್ತಿದರು. ದೇವನಹಳ್ಳಿ ಎಂದರೆ ಅವರಿಗೆ ಇಂದಿಗೂ ಚಕ್ಕೋತ ಹಣ್ಣು ಮತ್ತು ಟಿಪ್ಪು ಹುಟ್ಟಿದ ಕೋಟೆ. ಮಕ್ಕಳಿಗೆ 2008ರ ಮೇ ತಿಂಗಳಲ್ಲಿ ಆರಂಭವಾದ ವಿಮಾನ ನಿಲ್ದಾಣ. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿದ್ದಾಗ ಚಿಕ್ಕವನು, “ವಿಮಾನವನ್ನೂ ಒಂದು ಪುಟ್ಟ ಗಾಡಿ ತಳ್ಳುತ್ತಲ್ಲ, ನಾನು ಕಿಟಕಿಯಿಂದ ನೋಡಿದೆ” ಎಂದ.

ಆ ಗಾಡಿ ಪುಟ್ಟದಾಗಿ ಕಾಣುವುದು ವಿಮಾನದ ಪಕ್ಕ ನಿಂತಿರುವುದರಿಂದ. ದೊಡ್ಡ ವಿಮಾನಗಳನ್ನು ತಳ್ಳುವ ಗಾಡಿಗಳು ಹತ್ತಾರು ಟನ್ ತೂಗುತ್ತವೆ. ಸರಕಿಲ್ಲ, ಜನರಿಲ್ಲ, ಆದರೂ ಬೇಕೆಂದೇ ಅಷ್ಟು ತೂಕ ಇಟ್ಟಿರುತ್ತಾರೆ. ತೂಕವಿಲ್ಲದಿದ್ದರೆ ಚಕ್ರಕ್ಕೆ ನೆಲದ ಹಿಡಿತ ಸಿಗುವುದಿಲ್ಲ, ಎಂಜಿನ್ ಎಷ್ಟೇ ಗರ್ಜಿಸಿದರೂ ಟೈರು ಜಾರುತ್ತದೆ. ನಮ್ಮ ರೈತರು ಟ್ರಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುವುದೂ ಕಬ್ಬಿಣದ ತೂಕ ಕಟ್ಟುವುದೂ ಇದೇ ಕಾರಣಕ್ಕೆ. ಜೊತೆಗೆ, ವಿಮಾನ ತಳ್ಳುವ ಗಾಡಿ ನಿಧಾನವಾಗಿ ಸಾಗುತ್ತದೆ.

ಎಳೆಯುವವನು ಎಳೆಸಿಕೊಳ್ಳುವವನಿಗಿಂತ ಬಲಾಢ್ಯನಷ್ಟೇ ಅಲ್ಲ, ಭಾರಿಯೂ ಆಗಿರಬೇಕು ಎಂಬ ಈ ತಿಳಿವಳಿಕೆಯನ್ನು ಬ್ರಿಟನ್ನಿನ ಕ್ಯಾರವಾನ್ ಪ್ರವಾಸಿಗರು ಒಂದು ಸೂತ್ರವಾಗಿಸಿಕೊಂಡಿದ್ದಾರೆ. ಹೊಸಬರು ಎಳೆಯುವ ಕ್ಯಾರವಾನ್, ಸಾಮಾನು ಸಮೇತ, ಖಾಲಿ ಕಾರಿನ ತೂಕದ ನೂರಕ್ಕೆ 85 ಪಾಲನ್ನು ಮೀರದಿರಲಿ ಎಂಬುದು ಆ ಸಲಹೆ. ಎರಡು ಟನ್ನಿನ ಎಸ್‌ಯುವಿಗೆ ಇದು 1,700 ಕಿಲೋ. ಕ್ಯಾರವಾನ್ ಎಳೆಯುವ ಕಾರು ಅಲ್ಲಿನ ಮೋಟಾರ್‌ವೇಯಲ್ಲೂ ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ದಾಟುವಂತಿಲ್ಲ. ಚಲಿಸುವ ಕ್ಯಾರವಾನಿನೊಳಗೆ ಜನ ಕೂರುವಂತೆಯೂ ಇಲ್ಲ. ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೈಲರಿಗೆ ಸ್ವಂತ ಬ್ರೇಕು ಕಡ್ಡಾಯ.

ಹೊಸಕೋಟೆಯ ವೇ ಬ್ರಿಡ್ಜ್

ಹೊಸಕೋಟೆಯನ್ನು ಮೋಟಾರಿನವರ ಊರೆಂದೇ ಕರೆಯಬಹುದು. ವೋಲ್ವೊ ಕಂಪನಿ 1998ರಲ್ಲಿ ಇಲ್ಲಿಂದಲೇ ಭಾರತದ ರಸ್ತೆಗೆ ತನ್ನ ಭಾರಿ ಟ್ರಕ್ಕುಗಳನ್ನು ಇಳಿಸಿತು. ಸುತ್ತಮುತ್ತ ಗ್ಯಾರೇಜುಗಳೂ ತೂಕದ ಕಟ್ಟೆಗಳೂ ಬೇಕಾದಷ್ಟಿವೆ. ಒಂದು ವೇ ಬ್ರಿಡ್ಜ್ ಬಳಿ ನಿಂತೆವು. ಜಲ್ಲಿ ತುಂಬಿದ ಟ್ರಾಕ್ಟರ್ ಬಂದಾಗ, ತೂಗುವವರು ನಮ್ಮ ಕುತೂಹಲ ನೋಡಿ ಸಹಕರಿಸಿದರು.

ಮೊದಲು ಟ್ರಾಕ್ಟರನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ, ಟ್ರೈಲರಿನ ಚಕ್ರಗಳನ್ನು ಹೊರಗಿಟ್ಟು ತೂಗಿದರು. ಆಮೇಲೆ ಕೊಂಡಿ ಕಳಚಿ ಟ್ರಾಕ್ಟರೊಂದನ್ನೇ ತೂಗಿದರು. ಎರಡರ ವ್ಯತ್ಯಾಸವೇ ಮೂಕಿಯ ಭಾರ! ದೊಡ್ಡಪ್ಪ ಕೈಯಿಂದ ಎತ್ತಿ ಅಂದಾಜು ಮಾಡುತ್ತಿದ್ದುದನ್ನು ಇಲ್ಲಿ ಯಂತ್ರ ಕಿಲೋ ಲೆಕ್ಕದಲ್ಲಿ ಹೇಳಿತು. ಪ್ರವಾಸ ಹೊರಡುವವರು ಸಾಮಾನು, ನೀರು, ಜನ ಎಲ್ಲ ತುಂಬಿಕೊಂಡ ಮೇಲೆ ಹೀಗೊಮ್ಮೆ ತೂಗಿಸಿದರೆ ಊಹೆಗೆ ಜಾಗವಿರುವುದಿಲ್ಲ.

ಬ್ರೇಕಿನ ಮಾತೂ ಅಲ್ಲೇ ಬಂತು. ಭಾರಿ ಲಾರಿಯ ಟ್ರೈಲರಿಗೆ ಮುಂದಿನಿಂದ ಗಾಳಿಯ ಕೊಳವೆಗಳು ಹೋಗಿರುತ್ತವೆ. ಕೊಳವೆ ಕಿತ್ತುಬಂದರೆ ಟ್ರೈಲರಿನ ಬ್ರೇಕು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಅಮೆರಿಕದ ಮನೆಗಾಡಿಗಳಲ್ಲಿ ವಿದ್ಯುತ್ ಬ್ರೇಕು, ಚಾಲಕನ ಕೈಗೆಟಕುವಲ್ಲಿ ಅದರ ನಿಯಂತ್ರಣ, ಕೊಂಡಿ ಕಳಚಿದರೆ ಬ್ರೇಕು ಹಾಕುವ ತಂತಿ, ಜೊತೆಗೆ ಅಡ್ಡಡ್ಡ ಕಟ್ಟಿದ ಎರಡು ಸರಪಳಿ ಇರುತ್ತವೆ. ಇಳಿಜಾರಿನಲ್ಲಿ ಕಾಲನ್ನು ಬ್ರೇಕಿನ ಮೇಲೇ ಇಟ್ಟರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ತಡೆಹಿಡಿಯಬೇಕು. ಡೆನ್ವರಿನ ಪಶ್ಚಿಮದ ಪರ್ವತ ರಸ್ತೆಗಳಲ್ಲಿ ಬ್ರೇಕು ಸೋತ ಲಾರಿಗಳಿಗೆಂದೇ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಟ್ರೈಲರ್ ಓಲಾಡತೊಡಗಿದರೆ ಕಾರಿನ ಬ್ರೇಕನ್ನು ಜೋರಾಗಿ ಒತ್ತಬಾರದು, ಸ್ಟೀರಿಂಗ್ ಅತ್ತಿತ್ತ ತಿರುಗಿಸಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರಿನ ಬ್ರೇಕನ್ನಷ್ಟೇ ಕೈಯಿಂದ ಮೆಲ್ಲನೆ ಹಾಕಬೇಕು.

ಹುಡುಗಿ ಕೇಳಿದ ಪ್ರಶ್ನೆ

ಸಂಜೆ ದೊಡ್ಡಪ್ಪನನ್ನು ಊರಿಗೆ ಬಿಟ್ಟಾಗ ಮನೆಯ ಮುಂದೆ ಅವರ ಮಗನ ಟ್ರಾಕ್ಟರ್ ನಿಂತಿತ್ತು. ಟ್ರೈಲರ್ ತೊಳೆದು, ಹೊಸ ಹುಲ್ಲು ಹರಡಿದ್ದರು. ಮುಂದಿನ ವಾರ ಘಾಟಿಗೆ ಕೇರಿಯ ಮೂವತ್ತು ಜನ, ಅರ್ಧಕ್ಕರ್ಧ ಶಾಲೆಯ ಮಕ್ಕಳು, ಇದರಲ್ಲೇ ಹೋಗುವುದೆಂದು ತೀರ್ಮಾನವಾಗಿತ್ತು. ನಮ್ಮ ಮಕ್ಕಳನ್ನೂ ಕರೆದಿದ್ದರು.

ಹುಡುಗಿ ಟ್ರೈಲರನ್ನು ಒಂದು ಸುತ್ತು ಹಾಕಿ ಬಂದಳು. “ತಾತ, ಇದಕ್ಕೆ ಬ್ರೇಕು ಎಲ್ಲಿದೆ?”

ಯಾರೂ ಮಾತಾಡಲಿಲ್ಲ. ಬ್ರೇಕು ಇರಲಿಲ್ಲ. ಟ್ರಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಹೊಲದಲ್ಲಿ ಬಿಡಿಯಾಗಿ ಬಳಸುತ್ತಾರೆ, ರಸ್ತೆಗಿಳಿದಾಗ ಕೊಂಡಿ ಹಾಕಿ ಒಂದು ಮಾಡಬೇಕು. ಆ ಕೊಂಡಿಯೂ ಬಿಚ್ಚಿತ್ತು. ಟ್ರೈಲರ್ ಇರುವುದು ಬೆಳೆಗೆ, ಗೊಬ್ಬರಕ್ಕೆ. ಜನರನ್ನು ಕೂರಿಸಲು ಕಾನೂನಿನ ಅನುಮತಿಯಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಮದುವೆ ದಿಬ್ಬಣಕ್ಕೆ, ಜಾತ್ರೆಗೆ ನಾವೇ ಎಷ್ಟು ಸಲ ಹತ್ತಿಲ್ಲ? ಬೆಳಗಿನಿಂದ ಅಮೆರಿಕದ ಗಾಡಿಯ ತೂಕ ಲೆಕ್ಕ ಹಾಕಿದ ನಾನು ನಮ್ಮೂರ ಟ್ರೈಲರನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಘಾಟಿ ಇಳಿಜಾರಿನಲ್ಲಿ ನಾವು ಚಕ್ರಕ್ಕೆ ಮರದ ತುಂಡು ಒತ್ತಿ ಹಗ್ಗ ಬಿಗೀತಿದ್ವಿ. ಇಬ್ಬರು ಹಿಂದೆ ಜಗ್ಗಿ ಹಿಡೀತಿದ್ರು. ಹೆಂಗಸರು ಮಕ್ಕಳನ್ನ ಇಳಿಸಿ ನಡೆಸ್ತಿದ್ವಿ. ಎತ್ತಿಗೆ ಜೀವ ಇತ್ತು, ಅದಕ್ಕೇ ಭಯ ಗೊತ್ತಿತ್ತು. ಇದಕ್ಕೆ ಅದೂ ಇಲ್ಲ.” ಆಮೇಲೆ ಮಗನ ಕಡೆ ತಿರುಗಿ, “ಬಸ್ಸಿಗೆ ಹೋಗೋಣ ಬಿಡಪ್ಪ. ಪಾತ್ರೆ, ಸೌದೆ ಬೇಕಾದ್ರೆ ಇದರಲ್ಲಿ ಬರಲಿ” ಎಂದರು. ಮಗನಿಗೆ ಮುಖ ಸಣ್ಣದಾಯಿತು, ಆದರೆ ಎದುರಾಡಲಿಲ್ಲ. ಹಾಗೆಯೇ ಆಯಿತು. ಮೂವತ್ತು ಜನ ಎರಡು ಬಸ್ಸುಗಳಲ್ಲಿ ನಿಂತುಕೊಂಡೇ ಘಾಟಿಗೆ ಹೋಗಿಬಂದರು. ನಿಂತು ಕಾಲು ನೋವಾಯಿತೆಂದು ಒಂದಿಬ್ಬರು ಗೊಣಗಿದ್ದನ್ನು ಬಿಟ್ಟರೆ ಬೇರೇನೂ ನಡೆಯಲಿಲ್ಲ.

ಹಾಗಾದರೆ ಎಸ್‌ಯುವಿ ದೊಡ್ಡ ಮನೆಗಾಡಿಯನ್ನು ಸುರಕ್ಷಿತವಾಗಿ ಎಳೆಯಬಲ್ಲುದೆ? ಎಳೆಯಬಲ್ಲದು, ಆದರೆ ಸುರಕ್ಷಿತವಾಗಿ ಎನ್ನುವಂತಿಲ್ಲ. ಸಾಧಾರಣ ಎಸ್‌ಯುವಿಗೆ ಸಣ್ಣ ಮನೆಗಾಡಿಯೇ ಸರಿ. ಅದೂ ತುಂಬಿದ ತೂಕ ಮಿತಿಯೊಳಗಿರಬೇಕು, ಮೂಕಿಯ ಭಾರ ಹದವಾಗಿರಬೇಕು, ಹಿಂದಿನದಕ್ಕೂ ಬ್ರೇಕಿರಬೇಕು, ವೇಗಕ್ಕೆ ಕಡಿವಾಣ ಬೇಕು. ದೊಡ್ಡದೇ ಬೇಕೆಂದರೆ ಎಳೆಯುವ ಗಾಡಿಯೂ ದೊಡ್ಡದಾಗಬೇಕು.

ನಮ್ಮ ಹುಡುಗ ಡೆನ್ವರಿಗೆ ಹಿಂತಿರುಗಿದ ಮೇಲೆ ಫೋನ್ ಮಾಡಿದ್ದ. ಎಂಟು ಮೀಟರಿನದನ್ನು ಬಿಟ್ಟು ಐದು ಮೀಟರಿನದನ್ನು ನೋಡಿದ್ದಾನಂತೆ. ತುಂಬಿದರೆ 1,600 ಕಿಲೋ. ಸ್ನಾನದ ಕೋಣೆ ಇಕ್ಕಟ್ಟು, ಮಕ್ಕಳಿಗೆ ಮಡಿಚುವ ಮಂಚ. ತೂಕದ ಕಟ್ಟೆಗೆ ಒಯ್ದು ತೂಗಿಸಿಯೂ ಆಯಿತಂತೆ. “ಮೂಕಿ ಭಾರ ನೂರಕ್ಕೆ ಹನ್ನೆರಡು ಬಂತು ಅಂತ ತಾತನಿಗೆ ಹೇಳಿ ಮಾಮ” ಎಂದ.

ಹೇಳಿದೆ. ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ, “ನೂರಕ್ಕೆ ಗೀರಕ್ಕೆ ನಂಗೊತ್ತಿಲ್ಲ. ಹೆಗಲು ಹುಣ್ಣಾಗದಿದ್ರೆ ಸರಿ” ಎಂದರು.